ನಕ್ಷತ್ರದ ಮಣ್ಣು ಪರೀಕ್ಷೆ: ಗುರುವಿನಂಥ ದೈತ್ಯ ಗ್ರಹ ಎಲ್ಲಿ ಹುಟ್ಟುತ್ತದೆ?

2026ರ ಜನವರಿಯಲ್ಲಿ ಗುರು ಗ್ರಹ ಭೂಮಿಗೆ ಹತ್ತಿರ ಬಂದಿತ್ತು. 10ನೇ ತಾರೀಕು ಅದು ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಿಗಿತ್ತು. ಸಂಜೆ ಮೂಡಿದ್ದು ಬೆಳಗಿನ ಜಾವದವರೆಗೂ ಕಾಣುತ್ತಿತ್ತು. ಆ ವಾರ ನಾನು ಸಕಲೇಶಪುರದ ಹತ್ತಿರ ಮಾವನ ತೋಟದಲ್ಲಿದ್ದೆ. ಕಾಫಿ ಕೊಯ್ಲಿನ ದಿನಗಳು. ಕಣದ ತುಂಬ ಹಣ್ಣು ಹರಡಿತ್ತು, ಅದರ ಹುಳಿ ವಾಸನೆ ಅಂಗಳದವರೆಗೂ ಬರುತ್ತಿತ್ತು. ಸ್ನೇಹಿತನಿಂದ ಕೇಳಿ ತಂದಿದ್ದ ಸಣ್ಣ ಟೆಲಿಸ್ಕೋಪನ್ನು ಕಣದ ಮೂಲೆಯಲ್ಲಿ ನಿಲ್ಲಿಸಿ ಮಾವನಿಗೆ ಗುರುವನ್ನು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

"ಅಲ್ಲಿ ಮಣ್ಣು ಹೆಂಗಿದೆಯಂತೆ?"

"ಮಣ್ಣೇ ಇಲ್ಲ ಮಾವ. ಮೇಲಿಂದ ಕೆಳಗಿನವರೆಗೂ ಹೆಚ್ಚುಕಮ್ಮಿ ಬರೀ ಅನಿಲ."

"ಮತ್ತೆ ಅಷ್ಟು ದಪ್ಪ ಹೆಂಗಾಯ್ತು ಮಾರಾಯ?"

ಪ್ರಶ್ನೆ ಸರಿಯಾಗೇ ಇದೆ. ಗುರುವಿನಲ್ಲಿ 318 ಭೂಮಿಗಳಷ್ಟು ತೂಕ ಇದೆ. ಇಂಥ ದೈತ್ಯಗಳು ಬೇರೆ ನಕ್ಷತ್ರಗಳ ಸುತ್ತಲೂ ಇವೆ. 2025ರ ಸೆಪ್ಟೆಂಬರಿನಲ್ಲಿ ನಾಸಾ ಲೆಕ್ಕದಲ್ಲಿ ಸೌರಮಂಡಲದ ಹೊರಗಿನ ಗ್ರಹಗಳ ಸಂಖ್ಯೆ 6000 ಮುಟ್ಟಿತು. ಆದರೆ ದೈತ್ಯ ಗ್ರಹ ಎಲ್ಲ ನಕ್ಷತ್ರಕ್ಕೂ ಸಿಗುವುದಿಲ್ಲ. ಸಿಗುವುದೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಆ ನಕ್ಷತ್ರ ಯಾವ ಸಾಮಾನಿನಿಂದ ಆಗಿದೆ ಅನ್ನುವುದರ ಮೇಲೆ ನಿಂತಿದೆ.

ಮಾವನ ಮನೆ ಗೋಡೆಯಲ್ಲಿ, ಕ್ಯಾಲೆಂಡರ್ ಹಿಂದೆ, ಮಣ್ಣು ಪರೀಕ್ಷೆಯ ಚೀಟಿಯೊಂದು ಸಿಕ್ಕಿಸಿದೆ. ಹುಳಿ ಎಷ್ಟು, ಸಾರಜನಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಬರೆದು ಕೆಳಗೆ 'ಸುಣ್ಣ ಹಾಕಿ' ಅಂದಿದ್ದಾರೆ. ಗಿಡ ನೋಡದೆ, ಒಂದು ಹಿಡಿ ಮಣ್ಣು ನೋಡಿ ಫಸಲಿನ ಅಂದಾಜು ಹೇಳುವ ಚೀಟಿ ಅದು. ಖಗೋಳ ವಿಜ್ಞಾನಿಗಳೂ ನಕ್ಷತ್ರಕ್ಕೆ ಇಂಥದ್ದೇ ಒಂದು ಚೀಟಿ ಬರೆಯುತ್ತಾರೆ.

ಆಕ್ಸಿಜನ್ ಕೂಡ ಲೋಹವಾ?

ಮೊದಲೇ ಒಂದು ಪದ ಸರಿಮಾಡಿಕೊಳ್ಳೋಣ. ನಮಗೆ ಲೋಹ ಅಂದರೆ ಕಬ್ಬಿಣ, ತಾಮ್ರ, ಹಿತ್ತಾಳೆ ಚೊಂಬು. ಖಗೋಳದವರ ರೂಢಿ ಬೇರೆ. ಹೈಡ್ರೋಜನ್ ಮತ್ತು ಹೀಲಿಯಂ ಎರಡನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಅವರು ಲೋಹ ಅಂತಲೇ ಕರೆಯುತ್ತಾರೆ. ಇಂಗಾಲ ಲೋಹ, ಆಕ್ಸಿಜನ್ ಲೋಹ, ಗಂಧಕವೂ ಲೋಹ. ಕೆಮಿಸ್ಟ್ರಿ ಮೇಷ್ಟ್ರು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಸೂರ್ಯನ ಲೆಕ್ಕ ನೋಡಿದರೆ ಈ ಸೋಮಾರಿತನ ಯಾಕೆ ಅಂತ ತಿಳಿಯುತ್ತದೆ. ಸೂರ್ಯನ ಮೇಲ್ಪದರದಿಂದ 100 ಕಿಲೋ ತೆಗೆದರೆ ಸುಮಾರು 74 ಕಿಲೋ ಹೈಡ್ರೋಜನ್, 25 ಕಿಲೋ ಹೀಲಿಯಂ. ಉಳಿದಿದ್ದೆಲ್ಲ ಸೇರಿ ಒಂದೂವರೆ ಕಿಲೋಗಿಂತ ಕಮ್ಮಿ. ಈ ಚಿಲ್ಲರೆಗೇ 'ಲೋಹಾಂಶ' ಅಂತ ಹೆಸರು.

ಬ್ರಹ್ಮಾಂಡ ಶುರುವಾದಾಗ ಈ ಚಿಲ್ಲರೆ ಇರಲಿಲ್ಲ. ಹೈಡ್ರೋಜನ್, ಹೀಲಿಯಂ, ಚೂರೇ ಚೂರು ಲಿಥಿಯಂ, ಅಷ್ಟೇ. ಉಳಿದದ್ದನ್ನು ಬೇಯಿಸಿದ್ದು ನಕ್ಷತ್ರಗಳು. ಅವು ಸತ್ತು ಸಿಡಿದಾಗ ಒಳಗಿದ್ದದ್ದು ಹೊರಗೆ ಚೆಲ್ಲಿತು, ಅದು ಮುಂದಿನ ತಲೆಮಾರಿನ ನಕ್ಷತ್ರಗಳಿಗೆ ಸೇರಿತು. ತೋಟದಲ್ಲಿ ನೆರಳಿನ ಮರದ ಎಲೆ ಉದುರಿ, ಕೊಳೆತು, ವರ್ಷ ವರ್ಷಕ್ಕೂ ನೆಲ ಕಪ್ಪಾಗುತ್ತಾ ಬರುತ್ತದಲ್ಲ, ಹಾಗೆ. ಹಳೆಯ ನಕ್ಷತ್ರಗಳಲ್ಲಿ ಸಾಮಾನ್ಯವಾಗಿ ಲೋಹ ಕಮ್ಮಿ. 460 ಕೋಟಿ ವರ್ಷದ ಹಿಂದೆ ಹುಟ್ಟಿದ ನಮ್ಮ ಸೂರ್ಯನಿಗೆ ತಕ್ಕಮಟ್ಟಿಗೆ ಗೊಬ್ಬರ ಸಿಕ್ಕಿದೆ.

ಅಷ್ಟು ದೂರದ್ದನ್ನು ಅಳೆಯುವುದು ಹೇಗೆ?

ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡಿ 'ಅದರಲ್ಲಿ ನಕ್ಷತ್ರ ನೋಡ್ತಾರೆ' ಅಂದುಕೊಂಡವರು ಬಹಳ ಜನ ಇದ್ದಾರೆ. ಚಿಕ್ಕವನಿದ್ದಾಗ ನಾನೂ ಅಂದುಕೊಂಡಿದ್ದೆ. ಅಲ್ಲ. 1982ರಿಂದ ಅಲ್ಲಿ ನಡೆಯುತ್ತಿರುವುದು ಇಸ್ರೋ ಉಪಗ್ರಹಗಳನ್ನು ಮಾತಾಡಿಸುವ ಕೆಲಸ. ನಕ್ಷತ್ರದ ಚೀಟಿ ಬರೆಯಲು ಬೇಕಾಗಿರುವುದು ಅದರ ಬೆಳಕು, ಮತ್ತೆ ಆ ಬೆಳಕನ್ನು ಬಿಡಿಸುವ ಯಂತ್ರ.

ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ, ತುಂಬ ಅಗಲಕ್ಕೆ ಎಳೆದರೆ ಬಣ್ಣಗಳ ನಡುವೆ ಸಣ್ಣ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. 1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸೂರ್ಯನ ಬೆಳಕಲ್ಲಿ ಇಂಥ ನೂರಾರು ಗೆರೆಗಳನ್ನು ಗುರುತು ಹಾಕಿದರು. ನಕ್ಷತ್ರದ ಮೇಲ್ಪದರದಲ್ಲಿರುವ ಒಂದೊಂದು ಧಾತುವೂ ತನಗೆ ಬೇಕಾದ ಬಣ್ಣವನ್ನಷ್ಟೇ ಹೀರಿಕೊಳ್ಳುತ್ತದೆ. ಹೀರಿದ ಜಾಗ ಕಪ್ಪಾಗುತ್ತದೆ. ಕಬ್ಬಿಣದ ಗೆರೆಗಳ ಸಾಲೇ ಬೇರೆ, ಸೋಡಿಯಂನದೇ ಬೇರೆ. ಅಂಗಡಿಯಲ್ಲಿ ಬಿಸ್ಕತ್ ಪೊಟ್ಟಣದ ಪಟ್ಟೆ ನೋಡಿ ಯಂತ್ರ ಹೆಸರು ಹೇಳುತ್ತದಲ್ಲ, ಹಾಗೆ.

ಈ ವಿದ್ಯೆ ಎಷ್ಟು ಗಟ್ಟಿ ಅಂದರೆ, ಹೀಲಿಯಂ ಮೊದಲು ಪತ್ತೆಯಾಗಿದ್ದೇ ಸೂರ್ಯನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸನ್ ನಮ್ಮ ಪಕ್ಕದ ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಬೆಳಕಲ್ಲಿ ಕಂಡ ಒಂದು ಹಳದಿ ಗೆರೆ ಯಾವ ಧಾತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಗೆರೆ ದಪ್ಪಗಿದೆ ಅಂದಮಾತ್ರಕ್ಕೆ ಆ ಧಾತು ಜಾಸ್ತಿ ಇದೆ ಅನ್ನುವ ಹಾಗಿಲ್ಲ. ನಕ್ಷತ್ರದ ಬಿಸಿಯೂ ಗೆರೆಯನ್ನು ಬದಲಾಯಿಸುತ್ತದೆ. ಬಿಸಿ ಎಷ್ಟು, ಧಾತು ಎಷ್ಟು ಅಂತ ಬೇರೆಬೇರೆ ಮಾಡಲು ದಾರಿ ತೋರಿಸಿದ್ದು 1920ರಲ್ಲಿ ನಮ್ಮ ಮೇಘನಾದ ಸಹಾ ಕೊಟ್ಟ ಸೂತ್ರ. ಅದನ್ನು ಹಿಡಿದುಕೊಂಡು 1925ರಲ್ಲಿ ಸಿಸಿಲಿಯಾ ಪೇನ್ ನಕ್ಷತ್ರಗಳು ಬಹುಪಾಲು ಹೈಡ್ರೋಜನ್ನೇ ಅಂತ ತೋರಿಸಿದರು.

ಚೀಟಿಯಲ್ಲಿ ಮುಖ್ಯವಾಗಿ ಬರೆಯುವುದು ಕಬ್ಬಿಣದ ಲೆಕ್ಕ. ಕಬ್ಬಿಣಕ್ಕೆ ಗೆರೆಗಳು ಜಾಸ್ತಿ, ಅಳೆಯುವುದು ಸುಲಭ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುವ ಹಾಗೆ, ಕಬ್ಬಿಣ ನೋಡಿ ಮಿಕ್ಕ ಲೋಹಗಳನ್ನು ಅಂದಾಜು ಮಾಡುತ್ತಾರೆ. ಸೂರ್ಯನಿಗೆ ಸೊನ್ನೆ ಅಂಕ. ಸೂರ್ಯನ ಎರಡರಷ್ಟು ಲೋಹ ಇದ್ದರೆ ಹೆಚ್ಚುಕಮ್ಮಿ +0.3. ಅರ್ಧ ಇದ್ದರೆ -0.3. ಹತ್ತರಲ್ಲಿ ಒಂದು ಪಾಲು ಇದ್ದರೆ -1. ಈ ಅಳತೆಯನ್ನು ನೆನಪಿಟ್ಟುಕೊಂಡರೆ ಸಾಕು.

ನೂರಕ್ಕೆ ಮೂರು, ನೂರಕ್ಕೆ ಇಪ್ಪತ್ತೈದು

1995ರ ಅಕ್ಟೋಬರಿನಲ್ಲಿ ಸ್ವಿಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೋ, ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಮೊದಲ ಹೊರಗ್ರಹವನ್ನು ತೋರಿಸಿದರು. ನಕ್ಷತ್ರದ ಹೆಸರು 51 ಪೆಗಾಸಿ. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಗ್ರಹವನ್ನು ಕಣ್ಣಲ್ಲಿ ನೋಡಿರಲಿಲ್ಲ. ಜಾತ್ರೆಯಲ್ಲಿ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವ ಅಪ್ಪನೂ ಸ್ವಲ್ಪ ವಾಲಾಡುತ್ತಾನಲ್ವಾ? ನಕ್ಷತ್ರದ ಆ ವಾಲಾಟವನ್ನು ಅದೇ ಕಪ್ಪು ಗೆರೆಗಳು ಅತ್ತಿತ್ತ ಸರಿಯುವುದರಲ್ಲಿ ಹಿಡಿದರು.

ಇನ್ನೂ ನಾಲ್ಕಾರು ಗ್ರಹಗಳಷ್ಟೇ ಸಿಕ್ಕಿದ್ದಾಗ, 1997ರಲ್ಲಿ, ಗೊನ್ಸಾಲೆಸ್ ಎಂಬ ವಿಜ್ಞಾನಿ ಒಂದು ಮಾತು ಹೇಳಿದರು: ಗ್ರಹ ಇರುವ ಈ ನಕ್ಷತ್ರಗಳಲ್ಲಿ ಲೋಹ ಸ್ವಲ್ಪ ಜಾಸ್ತಿಯೇ ಕಾಣುತ್ತಿದೆ. ನಾಲ್ಕಾರು ಗಿಡ ನೋಡಿ ತೋಟದ ಬಗ್ಗೆ ಮಾತಾಡುವುದು ಕಷ್ಟ. ಆದರೆ 2005ರಲ್ಲಿ ಡೆಬ್ರಾ ಫಿಶರ್ ಮತ್ತು ಜೆಫ್ ವಲೆಂಟಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಚೀಟಿಯನ್ನು ಒಂದೇ ರೀತಿಯಲ್ಲಿ ಬರೆದು ಲೆಕ್ಕ ಹಾಕಿದರು. ಸೂರ್ಯನಿಗಿಂತ ಲೋಹ ಕಮ್ಮಿ ಇರುವ ನಕ್ಷತ್ರಗಳಲ್ಲಿ ದೈತ್ಯ ಗ್ರಹ ಸಿಕ್ಕಿದ್ದು ನೂರಕ್ಕೆ ಮೂರಕ್ಕಿಂತ ಕಮ್ಮಿ. ಸೂರ್ಯನ ಎರಡರಷ್ಟಕ್ಕೂ ಮೇಲೆ ಲೋಹ ಇರುವ ನಕ್ಷತ್ರಗಳಲ್ಲಿ ನೂರಕ್ಕೆ 25.

ಇದರ ಇನ್ನೊಂದು ತುದಿ ಅದಕ್ಕೂ ಮೊದಲೇ ಕಂಡಿತ್ತು. 1999ರಲ್ಲಿ ಹಬಲ್ ದೂರದರ್ಶಕ '47 ಟುಕಾನೆ' ಎಂಬ ನಕ್ಷತ್ರಗಳ ಗುಂಪನ್ನು ಎಂಟು ದಿನಕ್ಕೂ ಹೆಚ್ಚು ಕಾಲ ದಿಟ್ಟಿಸಿ ನೋಡಿತು. ಅಲ್ಲಿ ಲೋಹ ಸೂರ್ಯನ ಐದನೇ ಒಂದು ಪಾಲು. ಸುಮಾರು 34,000 ನಕ್ಷತ್ರಗಳಲ್ಲಿ, ನಮ್ಮ ಸುತ್ತಮುತ್ತಲಿನ ಲೆಕ್ಕದ ಪ್ರಕಾರ, ಹತ್ತು ಹದಿನೈದಕ್ಕೂ ಜಾಸ್ತಿ ಗ್ರಹ ಸಿಗಬೇಕಿತ್ತು. ಒಂದೂ ಸಿಗಲಿಲ್ಲ. ಅಲ್ಲಿ ನಕ್ಷತ್ರಗಳು ಒತ್ತೊತ್ತಾಗಿರುವುದೂ ಒಂದು ಕಾರಣ ಇರಬಹುದು. ಆದರೂ ಸೊನ್ನೆ ಅಂದರೆ ಸೊನ್ನೆಯೇ.

ಹಿಟ್ಟು, ನೀರು ಮತ್ತು ಸಮಯ

ಈಗ ಮಾವನ ಪ್ರಶ್ನೆಗೆ ಬರೋಣ. ಅನಿಲದ ಗ್ರಹಕ್ಕೆ ಲೋಹ ಯಾಕೆ ಬೇಕು?

ನಕ್ಷತ್ರ ಹುಟ್ಟುವಾಗ ಅದರ ಸುತ್ತ ಅನಿಲ ಮತ್ತು ದೂಳಿನ ತಟ್ಟೆಯೊಂದು ಸುತ್ತುತ್ತಿರುತ್ತದೆ. 2014ರಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ 'ಎಚ್‌ಎಲ್ ಟೌರಿ' ಎಂಬ ಎಳೆ ನಕ್ಷತ್ರದ ತಟ್ಟೆಯ ಚಿತ್ರ ತೆಗೆಯಿತು. ಗ್ರಾಮಫೋನ್ ತಟ್ಟೆಯ ಹಾಗೆ ಸುತ್ತು ಸುತ್ತು ಉಂಗುರಗಳು. ನಕ್ಷತ್ರ, ತಟ್ಟೆ ಎರಡೂ ಒಂದೇ ಮೋಡದಿಂದ ಬಂದದ್ದು, ಒಂದೇ ಪಾತ್ರೆಯ ಅಡುಗೆ. ತಟ್ಟೆ ಮಾಯವಾಗಿ ಕೋಟ್ಯಂತರ ವರ್ಷ ಆದಮೇಲೂ ನಕ್ಷತ್ರವನ್ನು ನೋಡಿ ತಟ್ಟೆಯಲ್ಲಿ ಏನಿತ್ತು ಅಂತ ಹೇಳಲು ಆಗುವುದು ಇದರಿಂದಲೇ.

ತಟ್ಟೆಯಲ್ಲಿ 100 ಪಾಲು ಅನಿಲಕ್ಕೆ ಹೆಚ್ಚುಕಮ್ಮಿ ಒಂದು ಪಾಲು ದೂಳು. ದೂಳು ಅಂದರೆ ಕಲ್ಲು, ಕಬ್ಬಿಣ, ಮಂಜುಗಡ್ಡೆಯ ಪುಡಿ. ಎಲ್ಲ ಖಗೋಳದವರ 'ಲೋಹ'ವೇ. ಒಲೆಯ ಮೇಲಿನ ಮುದ್ದೆ ಪಾತ್ರೆ ನೆನೆಸಿಕೊಳ್ಳಿ. ಅನಿಲ ನೀರು, ದೂಳು ರಾಗಿ ಹಿಟ್ಟು. ಮನೆಯಲ್ಲಿ ಮುದ್ದೆ ತಿರುವುವಾಗ ಗಂಟು ಕಟ್ಟಬಾರದು, ಕಟ್ಟಿದರೆ ಬೈಗುಳ. ಇಲ್ಲಿ ಉಲ್ಟಾ. ಗಂಟು ಕಟ್ಟಲೇಬೇಕು. ಗಂಟೇ ಗ್ರಹದ ಬೀಜ.

ದೂಳಿನ ಕಣಗಳು ಒಂದಕ್ಕೊಂದು ತಾಗಿ ಅಂಟಿಕೊಳ್ಳುತ್ತವೆ. ಕಣ ಜಲ್ಲಿಯಾಗುತ್ತದೆ, ಜಲ್ಲಿ ಬಂಡೆಯಾಗುತ್ತದೆ, ಬಂಡೆ ಬೆಟ್ಟವಾಗುತ್ತದೆ. ಬೆಟ್ಟದಷ್ಟಾದಮೇಲೆ ಅದರ ಸ್ವಂತ ಗುರುತ್ವವೇ ಅಕ್ಕಪಕ್ಕದ್ದನ್ನು ಎಳೆದುಕೊಳ್ಳುತ್ತದೆ. ಹೀಗೆ ಬೆಳೆದ ಗಟ್ಟಿ ಉಂಡೆ ಸುಮಾರು 10 ಭೂಮಿಗಳಷ್ಟು ತೂಕಕ್ಕೆ ಬಂತು ಅಂದರೆ ಆಟವೇ ಬದಲಾಗುತ್ತದೆ. ಆವರೆಗೆ ಮೆಲ್ಲಗೆ ಬರುತ್ತಿದ್ದ ಅನಿಲ ಒಮ್ಮೆಲೇ ಕಟ್ಟೆ ಒಡೆದ ಕೆರೆಯ ಹಾಗೆ ನುಗ್ಗುತ್ತದೆ. ಹತ್ತು ಭೂಮಿಯ ಉಂಡೆ ಮುನ್ನೂರು ಭೂಮಿಯ ದೈತ್ಯವಾಗುವುದು ಹೀಗೆ. ಗುರು ಬಹುಪಾಲು ಅನಿಲ ನಿಜ, ಆದರೆ ಆ ಅನಿಲವನ್ನು ಕರೆತಂದದ್ದು ಒಳಗಿನ ಗಟ್ಟಿ ಉಂಡೆ.

ತೊಂದರೆ ಸಮಯದ್ದು. ತಟ್ಟೆಯ ಅನಿಲ ಸದಾ ಇರುವುದಿಲ್ಲ. ಸ್ವಲ್ಪ ನಕ್ಷತ್ರದೊಳಗೆ ಬೀಳುತ್ತದೆ, ಸ್ವಲ್ಪ ಅದರ ಬೆಳಕಿನ ಹೊಡೆತಕ್ಕೆ ಹಾರಿಹೋಗುತ್ತದೆ. 30 ಲಕ್ಷದಿಂದ 1 ಕೋಟಿ ವರ್ಷದೊಳಗೆ ಪಾತ್ರೆ ಬರಿದು. ನಕ್ಷತ್ರದ ಆಯಸ್ಸಿಗೆ ಹೋಲಿಸಿದರೆ ಇದು ಏನೂ ಅಲ್ಲ. ಹಿಟ್ಟು ಕಮ್ಮಿ ಇದ್ದರೆ ಗಂಟು ನಿಧಾನಕ್ಕೆ ಕಟ್ಟುತ್ತದೆ, ಹತ್ತು ಭೂಮಿಯ ತೂಕ ಮುಟ್ಟುವ ಹೊತ್ತಿಗೆ ಎಳೆದುಕೊಳ್ಳಲು ನೀರೇ ಉಳಿದಿರುವುದಿಲ್ಲ. ಬರೀ ಉಂಡೆಯಾಗಿ ನಿಂತುಬಿಡುತ್ತದೆ. ಹಿಟ್ಟು ಜಾಸ್ತಿ ಇದ್ದರೆ ನೀರು ಇಂಗುವ ಮೊದಲೇ ಉಂಡೆ ತಯಾರು. ಲೋಹ ಜಾಸ್ತಿ ಇರುವ ನಕ್ಷತ್ರಕ್ಕೆ ದೈತ್ಯ ಗ್ರಹ ಜಾಸ್ತಿ ಸಿಗುವ ಗುಟ್ಟು ಇಷ್ಟೇ. (ಮುದ್ದೆ ಹೋಲಿಕೆಯನ್ನು ಇಲ್ಲಿಗೆ ಬಿಡುತ್ತೇನೆ. ಜಾಸ್ತಿ ಎಳೆದರೆ ಹರಿಯುತ್ತದೆ.)

ಜಾಗವೂ ಮುಖ್ಯ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹತ್ತುತ್ತಾ ಹೋದರೆ ಒಂದು ತಿರುವಿನಲ್ಲಿ ಎಲ್ಲರೂ ಸ್ವೆಟರ್ ಹುಡುಕುತ್ತಾರಲ್ಲ, ತಟ್ಟೆಯಲ್ಲೂ ನಕ್ಷತ್ರದಿಂದ ದೂರ ಹೋದ ಹಾಗೆ ಅಂಥ ಒಂದು ಗಡಿ ಬರುತ್ತದೆ. ಅದರಾಚೆ ನೀರಾವಿ ಮಂಜುಗಡ್ಡೆಯಾಗುತ್ತದೆ, ಉಂಡೆ ಕಟ್ಟಲು ಗಟ್ಟಿ ಸಾಮಾನು ಜಾಸ್ತಿ ಸಿಗುತ್ತದೆ. ನಮ್ಮ ಸೂರ್ಯನ ಸುತ್ತ ಈ ಗಡಿ ಭೂಮಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು ದೂರದಲ್ಲಿತ್ತು ಅಂತ ಲೆಕ್ಕ. ಗುರು ಐದು ಪಟ್ಟು ದೂರದಲ್ಲಿದೆ.

ಲೋಹ ಎರಡರಷ್ಟಾದರೆ ಗ್ರಹ ನಾಲ್ಕರಷ್ಟು

ಫಿಶರ್ ಮತ್ತು ವಲೆಂಟಿ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ. ಲೋಹ ಎರಡರಷ್ಟಾದರೆ ದೈತ್ಯ ಗ್ರಹ ಸಿಗುವ ಸಾಧ್ಯತೆ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಇದಕ್ಕೆ ಅವರು ಸೂಚಿಸಿದ ಒಂದು ವಿವರಣೆ ಡಿಕ್ಕಿಯದ್ದು. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಸಾಲಿನಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ಜಾಗದಲ್ಲಿ ಜನ ಎರಡರಷ್ಟಾದರೆ, ತಳ್ಳುವವರೂ ಎರಡರಷ್ಟು, ತಳ್ಳಿಸಿಕೊಳ್ಳುವವರೂ ಎರಡರಷ್ಟು. ಭುಜಕ್ಕೆ ಭುಜ ತಾಗುವುದು ನಾಲ್ಕರಷ್ಟು. ದೂಳಿನ ಕಣಗಳೂ ಹಾಗೇ.

ಗ್ರಹ ನುಂಗಿ ಲೋಹ ಬಂದಿದ್ದರೆ?

ಅನುಮಾನದ ಪ್ರಾಣಿಗಳು ಇನ್ನೊಂದು ದಾರಿಯಲ್ಲಿ ಕೇಳಿದರು: ಲೋಹದಿಂದ ಗ್ರಹ ಬಂತೋ, ಗ್ರಹದಿಂದ ಲೋಹ ಬಂತೋ? ನಕ್ಷತ್ರ ತನ್ನ ಒಂದೆರಡು ಗ್ರಹಗಳನ್ನು ನುಂಗಿದ್ದರೆ ಅದರ ಮೇಲ್ಪದರದಲ್ಲಿ ಲೋಹ ಜಾಸ್ತಿ ಕಾಣುವುದಿಲ್ಲವೇ? ನಾವು ನೋಡುವುದು ಮೇಲ್ಪದರವನ್ನು ಮಾತ್ರ.

ಈ ಪ್ರಶ್ನೆಯನ್ನು ಹೇಳಿದ ಕೂಡಲೇ ಮಾವ ಪರಿಹಾರವನ್ನೂ ಹೇಳಿದರು. "ಮೇಲೆ ಗೊಬ್ಬರ ಚೆಲ್ಲಿದ್ದೋ, ನೆಲವೇ ಅಂಥದ್ದೋ ಅಂತ ಗೊತ್ತಾಗ್ಬೇಕಾದ್ರೆ ಗುದ್ದಲಿ ಹಾಕಿ ಅಡಿ ಮಣ್ಣು ನೋಡ್ಬೇಕು." ಹೆಚ್ಚುಕಮ್ಮಿ ಅದನ್ನೇ ಮಾಡಿದ್ದಾರೆ. ನಕ್ಷತ್ರಕ್ಕೆ ವಯಸ್ಸಾದಾಗ ಅದು ಉಬ್ಬುತ್ತದೆ, ಮೇಲಿನ ಪದರ ಆಳದವರೆಗೂ ಕಲಕಿಹೋಗುತ್ತದೆ. ಲೋಹ ಮೇಲೆ ಚೆಲ್ಲಿದ್ದಾಗಿದ್ದರೆ ಆಗ ತೆಳುವಾಗಬೇಕು. ಹೀಗೆ ಉಬ್ಬಲು ಶುರುವಾದ, ಗ್ರಹ ಇರುವ ನಕ್ಷತ್ರಗಳನ್ನು ನೋಡಿದರೆ ಲೋಹ ತೆಳುವಾಗಿಲ್ಲ. ಅಂದರೆ ಬಹುಪಾಲು ನಕ್ಷತ್ರಗಳಿಗೆ ಲೋಹ ಹುಟ್ಟಿನಿಂದಲೇ ಬಂದದ್ದು.

ನಾವು ಹೆಸರಿಟ್ಟ ನಕ್ಷತ್ರ

ಈ ಚೀಟಿಯನ್ನು ನಂಬಿಕೊಂಡೇ ಗ್ರಹ ಹುಡುಕಿದವರೂ ಇದ್ದಾರೆ. 2000ದ ದಶಕದಲ್ಲಿ 'ಎನ್2ಕೆ' ಎಂಬ ತಂಡ ಲೋಹ ಜಾಸ್ತಿ ಇರುವ ನಕ್ಷತ್ರಗಳನ್ನೇ ಆರಿಸಿ ಹುಡುಕಿತು. ಹೀಗೆ 2006ರಲ್ಲಿ ಸಿಕ್ಕಿದ ಗ್ರಹಗಳಲ್ಲಿ ಒಂದು, ಸುಮಾರು 340 ಜ್ಯೋತಿರ್ವರ್ಷ ದೂರದ 'ಎಚ್‌ಡಿ 86081' ಎಂಬ ನಕ್ಷತ್ರದ್ದು. ಅಲ್ಲಿ ಲೋಹ ಸೂರ್ಯನ ಸುಮಾರು 1.8 ಪಟ್ಟು. ಗ್ರಹದ ತೂಕ ಗುರುವಿನ ಒಂದೂವರೆ ಪಟ್ಟು. ಅದು ನಕ್ಷತ್ರಕ್ಕೆ ಎಷ್ಟು ಹತ್ತಿರ ಅಂದರೆ ಅಲ್ಲಿ ವರ್ಷ ಅಂದರೆ ನಮ್ಮ ಎರಡು ದಿನ ಚಿಲ್ಲರೆ. ಅಷ್ಟು ಬಿಸಿಯಲ್ಲಿ ಅದು ಹುಟ್ಟಿರಲಾರದು. ದೂರದಲ್ಲಿ ಹುಟ್ಟಿ ಆಮೇಲೆ ಒಳಗೆ ಸರಿದು ಬಂದಿರಬೇಕು.

2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದೊಂದು ದೇಶಕ್ಕೂ ಒಂದೊಂದು ನಕ್ಷತ್ರ, ಒಂದೊಂದು ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತು. ಭಾರತದ ಪಾಲಿಗೆ ಬಂದದ್ದು ಇದೇ. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ ನಕ್ಷತ್ರಕ್ಕೆ 'ಬಿಭಾ', ಗ್ರಹಕ್ಕೆ 'ಸಂತಮಸ' ಎಂದು ಹೆಸರಾಯಿತು. ಬರಿಗಣ್ಣಿಗೆ ಕಾಣುವುದಿಲ್ಲ. ಸಿಂಹ ರಾಶಿಯ ಹತ್ತಿರದಲ್ಲೇ ಇದೆ.

ಈಗ ನಮ್ಮ ದೇಶದಲ್ಲೂ ಈ ಕೆಲಸಕ್ಕೆ ಯಂತ್ರಗಳಿವೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಓಡಿಸುವುದು ನಮ್ಮ ಹೊಸಕೋಟೆಯಲ್ಲಿ ಕೂತು. ಮೌಂಟ್ ಅಬುವಿನಲ್ಲಿರುವ, ನಕ್ಷತ್ರದ ಬೆಳಕು ಬಿಡಿಸುವ ಪಾರಸ್ ಯಂತ್ರಗಳು ಕೆಲವು ಹೊರಗ್ರಹಗಳನ್ನು ಹಿಡಿದಿವೆ. 2024ರಲ್ಲಿ ಪ್ರಕಟವಾದ ಒಂದರ ತೂಕ ಸುಮಾರು 60 ಭೂಮಿಗಳಷ್ಟು, ಅದರಲ್ಲಿ ಬಹುಪಾಲು ಕಲ್ಲು ಮತ್ತು ಕಬ್ಬಿಣ. ಉಂಡೆ ದೊಡ್ಡದಾಗಿದೆ, ಅನಿಲ ಮಾತ್ರ ಮೈಮೇಲೆ ಹೆಚ್ಚಿಲ್ಲ. ಅದು ಹೀಗೇಕೆ ಅನ್ನುವುದು ಈಗಲೂ ಚರ್ಚೆಯಲ್ಲಿದೆ.

ಚೀಟಿ ತಪ್ಪುವುದೂ ಉಂಟು

ಇಷ್ಟೆಲ್ಲ ಆದರೂ ಇದು ಸಾಧ್ಯತೆಯ ಮಾತು. ಲೋಹ ಚೆನ್ನಾಗಿದ್ದರೂ ನಾಲ್ಕರಲ್ಲಿ ಮೂರು ನಕ್ಷತ್ರಗಳಲ್ಲಿ ದೈತ್ಯ ಸಿಕ್ಕಿಲ್ಲ. ಇತ್ತ ಎಚ್‌ಡಿ 155358 ಎಂಬ ನಕ್ಷತ್ರದಲ್ಲಿ ಲೋಹ ಸೂರ್ಯನ ಐದನೇ ಒಂದು ಪಾಲು, ಆದರೂ ಎರಡು ದೈತ್ಯ ಗ್ರಹಗಳಿವೆ. ಅಲ್ಲಿ ತಟ್ಟೆಯೇ ಭಾರಿಯಾಗಿತ್ತೇನೋ ಅನ್ನುವುದು ಒಂದು ಊಹೆ.

2024ರ ಡಿಸೆಂಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದವರು ಇನ್ನೊಂದು ತಿರುವು ಕೊಟ್ಟರು. ಪಕ್ಕದ ಸಣ್ಣ ಗೆಲಾಕ್ಸಿಯ, ಲೋಹ ಕಮ್ಮಿ ಇರುವ ಎನ್‌ಜಿಸಿ 346 ಎಂಬ ಗುಂಪಿನಲ್ಲಿ ತಟ್ಟೆಗಳು 2-3 ಕೋಟಿ ವರ್ಷ ಆದರೂ ಉಳಿದಿವೆ. ಹಿಟ್ಟು ಕಮ್ಮಿ ಇದ್ದರೂ ಅಡುಗೆಗೆ ಸಮಯ ಜಾಸ್ತಿ ಸಿಕ್ಕರೆ ಏನಾಗುತ್ತದೆ? ಲೆಕ್ಕ ಹಾಕುವವರಿಗೆ ಕೆಲಸ ಸಿಕ್ಕಿದೆ.

ಇನ್ನು, ಗುರುವಿನ ಹತ್ತು ಪಟ್ಟಿಗೂ ಮೀರಿದ ಅತಿ ದೈತ್ಯಗಳಿಗೆ ಈ ನಿಯಮ ಅಷ್ಟಾಗಿ ಅನ್ವಯಿಸುವುದಿಲ್ಲ. ಉಂಡೆ ಕಟ್ಟದೆ, ತಟ್ಟೆಯ ಒಂದು ತುಂಡೇ ತನ್ನ ಭಾರಕ್ಕೆ ಕುಸಿದು ಅವು ಹುಟ್ಟಿರಬಹುದು. ಆ ದಾರಿಗೆ ಹಿಟ್ಟಿನ ಹಂಗು ಕಮ್ಮಿ.

ಭೂಮಿಯಂಥ ಸಣ್ಣ ಗ್ರಹಗಳೂ ಅಷ್ಟೇನೂ ಹಟ ಮಾಡುವುದಿಲ್ಲ. ಅವಕ್ಕೆ ಹತ್ತು ಭೂಮಿಯ ಉಂಡೆ ಬೇಡ, ಅನಿಲ ಹೋಗುತ್ತದೆ ಎಂಬ ಅವಸರವೂ ಇಲ್ಲ. ಕೆಪ್ಲರ್-444 ಎಂಬ ನಕ್ಷತ್ರಕ್ಕೆ 1100 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು, ಕಬ್ಬಿಣ ಸೂರ್ಯನ ಮೂರನೇ ಒಂದು ಪಾಲಿಗಿಂತ ಕಮ್ಮಿ. ಅದರ ಸುತ್ತ ಭೂಮಿಗಿಂತ ಚಿಕ್ಕ ಐದು ಗ್ರಹಗಳಿವೆ. ಬಡ ನೆಲದಲ್ಲಿ ಕಾಫಿ ಬರದಿದ್ದರೂ ಹುರುಳಿ ಬರುತ್ತದೆ.

ಗುರುವಿನ ಹೊಟ್ಟೆಯಲ್ಲಿ

ಗುರುವಿನೊಳಗೆ ಆ ಉಂಡೆ ಈಗಲೂ ಇದೆಯಾ? 51 ಪೆಗಾಸಿಯ ಸುದ್ದಿ ಬಂದ ಎರಡೇ ತಿಂಗಳಿಗೆ, 1995ರ ಡಿಸೆಂಬರ್ 7ರಂದು, ಗೆಲಿಲಿಯೋ ನೌಕೆ ಒಂದು ಸಣ್ಣ ಯಂತ್ರವನ್ನು ಗುರುವಿನ ಮೋಡದೊಳಗೆ ಇಳಿಸಿತು. ಅದು ಸುಟ್ಟುಹೋಗುವ ಮೊದಲು ಕಳಿಸಿದ ಲೆಕ್ಕದ ಪ್ರಕಾರ, ಅಲ್ಲಿ ಇಂಗಾಲ, ಗಂಧಕದಂಥವು ಸೂರ್ಯನಲ್ಲಿ ಇರುವುದಕ್ಕಿಂತ ಎರಡು, ಮೂರು ಪಟ್ಟು, ಕೆಲವು ಇನ್ನೂ ಜಾಸ್ತಿ. ಒಂದೇ ಮೋಡದಿಂದ ಹುಟ್ಟಿದರೂ ಗುರು ಅನಿಲದ ಜೊತೆ ಹಿಟ್ಟನ್ನೂ ಬೇಕಾದಷ್ಟು ಬಾಚಿಕೊಂಡಿದೆ.

2016ರಿಂದ ಗುರುವನ್ನು ಸುತ್ತಿದ ಜೂನೋ ನೌಕೆ ಅದರ ಗುರುತ್ವವನ್ನು ಅಳೆದು ಇನ್ನೊಂದು ಸಂಗತಿ ಹೇಳಿತು. ಎಲ್ಲರೂ ಒಳಗೆ ಗಟ್ಟಿ ಉಂಡೆ, ಹೊರಗೆ ಅನಿಲ, ನಡುವೆ ಸರಿಯಾದ ಗೆರೆ ಅಂದುಕೊಂಡಿದ್ದರು. ಹಾಗಿಲ್ಲ. ಉಂಡೆ ಅಂಚಿನಲ್ಲಿ ಕರಗಿ, ಬಹಳ ದೂರದವರೆಗೆ ಹೈಡ್ರೋಜನ್ ಜೊತೆ ಕಲಸಿಹೋಗಿದೆ. ಎಲ್ಲಿ ಉಂಡೆ ಮುಗಿಯಿತು, ಎಲ್ಲಿ ಅನಿಲ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಮಾವ ತಟ್ಟೆ ನೋಡಿಕೊಂಡರು. ಬಸ್ಸಾರಿನಲ್ಲಿ ಅರ್ಧ ಮುದ್ದೆ ಬಹಳ ಹೊತ್ತಿನಿಂದ ಹಾಗೇ ಕೂತಿತ್ತು, ಅಂಚು ಕರಗಿ ಸಾರು ಮಂದವಾಗಿತ್ತು.

"ಹಿಂಗಾ?"

"ಹಂಗೇ ಮಾವ."